ಸೋಮವಾರ ಕಾಣೆಯಾಗುವ ಎಲೆಗಳು

ನಿರುಪಮಾಳಿಗೆ ಚಿಂತೆ ಮಾಡಲು ಕಾರಣ ಬೇಕೇ ಬೇಕು ಎಂದೇನಿರಲಿಲ್ಲ. ಹಾಲು ಉಕ್ಕಿದರೆ ಒಲೆ ಹೊಲಸಾಯಿತೆಂದು ಚಿಂತೆ, ಉಕ್ಕದಿದ್ದರೆ ಹಾಲಿನವನು ನೀರು ಬೆರೆಸಿರಬೇಕೆಂದು ಚಿಂತೆ. ಮಗ ತನ್ಮಯ ಕುಣಿದಾಡಿದರೆ ಎಲ್ಲಿ ಬೀಳುತ್ತಾನೋ ಎಂದು, ಸುಮ್ಮನೆ ಕೂತರೆ ಜ್ವರ ಬಂತೋ ಏನೋ ಎಂದು. ಇದ್ಯಾವುದೂ ಇಲ್ಲದ ದಿನ, ಇವತ್ತು ಏನೋ ಒಂದನ್ನು ಮರೆತಿದ್ದೇನಲ್ಲ ಎಂದು. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಲ್ಲೇ ಇಂಗ್ಲಿಷ್ ಶಾಲೆ, ಕಾಲೇಜು ಮುಗಿಸಿ, ಬ್ಯಾಂಕಿನ ನರಹರಿಯನ್ನು ಮದುವೆಯಾಗಿ ನಾಶಿಕ್‌ಗೆ ಬಂದಾಗ ಅವಳ ಸೂಟ್‌ಕೇಸಿನಲ್ಲಿ ಎರಡು ಥರ್ಮಾಮೀಟರುಗಳಿದ್ದವು. ಒಂದು ಸುಳ್ಳು ಹೇಳಿದರೆ ಇನ್ನೊಂದು ಇರಲಿ ಎಂದು.

ನರಹರಿಯದು ಬೇರೆ ರೀತಿಯ ಕಾಯಿಲೆ. ಬ್ಯಾಂಕು ಅವನನ್ನು ಊರಿಂದೂರಿಗೆ ಎತ್ತಿ ಹಾಕುತ್ತ ಬಂದಿತ್ತು. ಹಾಗಾಗಿ ಅವನು ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ಟಿವಿ, ಮಿಕ್ಸರು, ಫ್ರಿಜ್ಜು ಎಲ್ಲವೂ ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಜತನವಾಗಿ ಇಟ್ಟಿದ್ದ. ಕ್ಯಾಲೆಂಡರು ಕೂಡ ಕಿಟಕಿಯ ಸರಳಿಗೇ ತೂಗಬೇಕು. ಇಂಥವನ ಮನೆಯಲ್ಲಿ ನಿರುಪಮಾ ಮನಿಪ್ಲಾಂಟು ಬೆಳೆಸಿದಳು. ಪಕ್ಕದ ಬೀದಿಯ ಗೆಳತಿಯೊಬ್ಬಳು ಕೊಟ್ಟ ಗೇಣುದ್ದದ ತುಂಡು. ಅದನ್ನು ಕಿಟಕಿಯ ಹತ್ತಿರ, ಬೆಳಕು ಬೀಳುವಂತೆ ಆದರೆ ಬಿಸಿಲು ಬಡಿಯದಂತೆ ಇಟ್ಟಳು. ಮಣ್ಣಿಗೆ ಬೆರಳು ತೂರಿಸಿ, ಒಣಗಿದ್ದರೆ ಮಾತ್ರ ಅಕ್ಕಿ ತೊಳೆದ ನೀರು ಹಾಕಿದಳು. ಮೊಳೆಗೆ ಪರವಾನಗಿ ಇರಲಿಲ್ಲವಾದ್ದರಿಂದ ಪರದೆಯ ಕಂಬಿಯಿಂದ ದಾರ ಇಳಿಬಿಟ್ಟಳು. ಬಳ್ಳಿ ದಾರ ಹಿಡಿದು ಹತ್ತಿತು, ಕಿಟಕಿ ದಾಟಿತು, ಟಿವಿಯ ತಲೆಯ ಮೇಲೆ ಹಾದು, ಎದುರು ಗೋಡೆಯ ಕಡೆ ಕತ್ತು ಚಾಚಿತು. ಮೇಲೆ ಮೇಲೆ ಹೋದಂತೆ ಎಲೆಗಳೂ ದೊಡ್ಡವಾಗುತ್ತ, ಕೊನೆಕೊನೆಯವು ತನ್ಮಯನ ಮುಖದಷ್ಟಾದವು.

"ಇದನ್ನ ಲಾರಿಗೆ ಹ್ಯಾಂಗ ಏರಸ್ತಿ?" ಎಂದು ನರಹರಿ ಆಗಾಗ ಕೇಳುತ್ತಿದ್ದ. "ಟಿವಿಗೆ ಪೆಟಗಿ ಅದ. ಇದಕ್ಕೇನದ?"

"ನಿಮಗೂ ಪೆಟಗಿ ಇಲ್ಲ. ಹಂಗಂತ ಬಿಟ್ಟು ಹೋಗ್ತೀನೇನು?" ಎನ್ನುತ್ತಿದ್ದಳು ನಿರುಪಮಾ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ವರ್ಗಾವಣೆ ಬಂದೇ ಬಂತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರಲ್ಲ, ಆಗಿನ ಔರಂಗಾಬಾದಿಗೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಎಲ್ಲರೂ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸುವುದನ್ನೇ ಕಾಯುತ್ತಿದ್ದಾಗ ನಿರುಪಮಾ ತಾನು ಬರುವುದಿಲ್ಲ ಎಂದುಬಿಟ್ಟಳು. ತನ್ಮಯನಿಗೆ ಎರಡೂವರೆ ತುಂಬಿತ್ತು. ಆಗಷ್ಟೇ ಅಳದೆ ಬಾಲವಾಡಿಗೆ ಹೋಗಲು ಕಲಿತಿದ್ದ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ಡಾಕ್ಟರ್ ವಿಭಾ ನಾಶಿಕ್‌ನಲ್ಲಿದ್ದರು. ಅವರಿಲ್ಲದ ಊರಿಗೆ ಮಗುವನ್ನು ಒಯ್ಯುವುದೆಂದರೆ ನಿರುಪಮಾಳಿಗೆ ಆಮ್ಲಜನಕವಿಲ್ಲದ ಊರಿಗೆ ಒಯ್ದಂತೆ.

"ಒಬ್ಬಾಕಿ ಇರ್ಲಿಕ್ಕೆ ಆಗ್ತದೇನು?" ನರಹರಿ ಕೇಳಿದ.

"ಯಾಕ ಆಗಂಗಿಲ್ಲ?"

"ನಿನಗ ಆಗ್ತದ. ಆ ಫೋನಿಗೆ ಆಗ್ತದೋ ಇಲ್ಲೋ ಅಂತ ಕೇಳಿದೆ. ಮಗ ಸೀನಿದ್ರ ಒಂದು ಫೋನು, ಸೀನಲಿಲ್ಲಂದ್ರ ಒಂದು ಫೋನು."

"ನೋಡ್ತಿರ್ರಿ. ಗಾಬರಿ ಆಗಿ ಒಂದ ಒಂದು ಸಲಾನೂ ಫೋನ್ ಮಾಡಂಗಿಲ್ಲ."

"ಮಾಡಿದ್ರ?"

"ಮಾಡಿದ್ರ ಮರುದಿನಾನ ಗಂಟು ಕಟಗೊಂಡು ನಿಮ್ಮ ಔರಂಗಾಬಾದಿಗೆ ಬರ್ತೀನಿ."

ಹೀಗೆ ಅವಳು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು. ನರಹರಿ ಅಲ್ಲಿಯ ಸಿಡ್ಕೋ ಬಡಾವಣೆಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದ. ಶನಿವಾರ ಸಂಜೆ ನಾಶಿಕ್‌ಗೆ ಬರುವುದು, ಸೋಮವಾರ ಬೆಳಗಿನ ಜಾವದ ಬಸ್ಸಿಗೆ ಡಬ್ಬಿ ಹಿಡಿದು ಹೊರಡುವುದು ರೂಢಿಯಾಯಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ನಡೆದದ್ದರಿಂದಲೇ ನಿರುಪಮಾಳಿಗೆ ಅನುಮಾನ ಬರತೊಡಗಿತ್ತು. ಅಷ್ಟರಲ್ಲಿ ಮರಾಠಿ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದು ಬರಹ ಓದಿದಳು. ಮನಿಪ್ಲಾಂಟಿನ ಎಲೆ ಬಾಯಿಗೆ ಹೋದರೆ ನಾಲಿಗೆ, ಗಂಟಲು ಉರಿಯುತ್ತವೆ, ತುಟಿ ಊದುತ್ತದೆ, ಚಿಕ್ಕ ಮಕ್ಕಳಿದ್ದವರು ಎಚ್ಚರಿಕೆಯಿಂದಿರಬೇಕು ಎಂದಿತ್ತು. ಮರುದಿನ ಸೋಮವಾರ. ಒದ್ದೆ ಬಟ್ಟೆಯಿಂದ ಎಲೆಗಳ ಧೂಳು ಒರೆಸುವ ದಿನ. ಒಂದೊಂದೇ ಎಲೆಯನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತ ಹೋದವಳು ಕಿಟಕಿಯ ಮೂಲೆಯಲ್ಲಿ ನಿಂತುಬಿಟ್ಟಳು. ಅಲ್ಲಿ ಒಂದು ಎಲೆ ಇರಲಿಲ್ಲ. ಹರಿದ ತೊಟ್ಟಿನ ಗುರುತು ಹಸಿಯಾಗಿಯೇ ಇತ್ತು.

ತನ್ಮಯ ನೆಲದ ಮೇಲೆ ಕೂತು ಚಮಚದಿಂದ ಬಟ್ಟಲು ಬಡಿಯುತ್ತಿದ್ದ.

"ತನ್ಮಯ, ಎಲಿ ತಿಂದಿಯೇನು?"

"ಹೋ," ಎಂದ ತನ್ಮಯ. ಅವನಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಬಾಲವಾಡಿಯ ಮರಾಠಿಯಲ್ಲಿ ಬರುತ್ತಿತ್ತು. ಹೋ ಎಂದರೆ ಹೌದು.

ನಿರುಪಮಾ ಅವನ ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದಳು. ನಾಲಿಗೆ ಗುಲಾಬಿ, ಗಂಟಲು ಸ್ವಚ್ಛ. ಸುಳ್ಳೋ ನಿಜವೋ ಪರೀಕ್ಷಿಸೋಣವೆಂದು, "ಟಿವಿ ತಿಂದಿಯೇನು?" ಎಂದಳು.

"ಹೋ."

"ಅಪ್ಪನ್ನ ತಿಂದಿಯೇನು?"

"ಹೋ," ಎಂದು ತನ್ಮಯ ಇನ್ನೂ ಉತ್ಸಾಹದಿಂದ ಬಟ್ಟಲು ಬಡಿದ.

ನಗು ಬರಬೇಕಾಗಿತ್ತು. ಬರಲಿಲ್ಲ. ಹತ್ತು ನಿಮಿಷದಲ್ಲಿ ಮಗುವನ್ನು ಎತ್ತಿಕೊಂಡು ಡಾಕ್ಟರ್ ವಿಭಾ ಅವರ ದವಾಖಾನೆಯಲ್ಲಿದ್ದಳು. ಡಾಕ್ಟರ್ ತನ್ಮಯನ ಬಾಯಿ ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ನಿರುಪಮಾಳ ಮುಖ ನೋಡಿದರು. "ಇವನು ತಿಂದಿದ್ದರೆ ನೀವು ಬಂದು ಹೇಳಬೇಕಾಗಿರಲಿಲ್ಲ. ಅಳು ನನಗೆ ಇಲ್ಲಿಗೇ ಕೇಳುತ್ತಿತ್ತು," ಎಂದರು ಮರಾಠಿಯಲ್ಲಿ. ಆದರೂ ಅವಳ ಸಮಾಧಾನಕ್ಕೆ, ತಿಂದರೆ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳಿದರು. ಬಾಯಲ್ಲಿರುವುದನ್ನು ತೆಗೆಯಿರಿ, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣನೆಯ ಹಾಲು ಕೊಡಿ, ಊತ ಏರಿದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಓಡಿ. ನಿರುಪಮಾ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಳು. ಅಂದಿನಿಂದ ಅವಳ ಫ್ರಿಜ್ಜಿನ ಬಾಗಿಲಲ್ಲಿ ಒಂದು ಲೋಟ ಹಾಲು ಮುಟ್ಟುವಂತಿಲ್ಲದ ಪ್ರಸಾದದ ಹಾಗೆ ಕೂತಿರುತ್ತಿತ್ತು.

ನರಹರಿಗೆ ಫೋನ್ ಮಾಡಲು ಎರಡು ಸಲ ನಂಬರು ಒತ್ತಿದಳು. ಎರಡು ಸಲವೂ ತಾನಾಡಿದ ಮಾತು ನೆನಪಾಗಿ ಕೆಂಪು ಗುಂಡಿ ಒತ್ತಿದಳು.

ಮುಂದಿನ ಸೋಮವಾರ ಮತ್ತೊಂದು ಎಲೆ ಹೋಯಿತು. ಅವಳು ಕೆಳಗಿನ ಬಳ್ಳಿಯನ್ನೆಲ್ಲ ಎತ್ತಿ, ತನ್ಮಯನ ಕೈಗೆ ಎಟುಕದಷ್ಟು ಮೇಲೆ ಕಟ್ಟಿದಳು. ಅದರ ಮುಂದಿನ ಸೋಮವಾರ ಹೋದದ್ದು ಟಿವಿಗಿಂತ ಎತ್ತರದ ಎಲೆ. ಬೇರೆ ಯಾರಾದರೂ ಆಗಿದ್ದರೆ, ಹಾಗಾದರೆ ಇದು ಮಗುವಿನ ಕೆಲಸವಲ್ಲ ಎಂದು ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದರು. ನಿರುಪಮಾ ಹಾಗೆ ಯೋಚಿಸುವವಳಲ್ಲ. ಮಗ ಎಲೆ ತಿನ್ನುವುದಷ್ಟೇ ಅಲ್ಲ, ಈಗ ಟಿವಿ ಸ್ಟ್ಯಾಂಡನ್ನೂ ಹತ್ತುತ್ತಿದ್ದಾನೆ ಎಂದುಕೊಂಡಳು. ಸ್ಟ್ಯಾಂಡು ಒಳಕೋಣೆಗೆ ಹೋಯಿತು. ಅದರ ಹಿಂದೆ ಕುರ್ಚಿಗಳು ಹೋದವು, ಟೀಪಾಯಿ ಹೋಯಿತು, ದಿವಾನು ಗೋಡೆಯಿಂದ ದೂರ ಸರಿಯಿತು. ಶನಿವಾರ ಬಂದ ನರಹರಿ ಬಾಗಿಲಲ್ಲೇ ನಿಂತ.

"ಲಾರಿ ಬಂದಿತ್ತೇನು?"

"ಸ್ವಚ್ಛ ಮಾಡ್ಲಿಕ್ಕೆ ಹತ್ತೀನಿ," ಎಂದಳು ನಿರುಪಮಾ, ಅವನ ಮುಖ ನೋಡದೆ.

ಅವನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಬಳ್ಳಿಯ ಕಡೆಗೊಮ್ಮೆ ನೋಡಿ, "ಭಾಳ ಮ್ಯಾಲೆ ಕಟ್ಟಿಯಲ್ಲ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಕೆಳಗಿನ ಮನೆಯಲ್ಲಿ ಒಡತಿ ಶಾಂತಾಬಾಯಿ ಇರುತ್ತಿದ್ದಳು. ಭಾಲ್ಕಿ ಕಡೆಯವಳು. ಗಂಡ ವೈಜನಾಥನಿಗೆ ಸಾತಪುರದಲ್ಲಿ ಕಿರಾಣಿ ಅಂಗಡಿ. ಗಂಡ ಅಂಗಡಿಗೆ ಹೋದ ಮೇಲೆ ಅವಳು ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಇಡೀ ಬೀದಿಯ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಮೇಲೆ ಸಾಮಾನು ಎಳೆದಾಡುವ ಸದ್ದು ದಿನಾ ಕೇಳಿ ಕೇಳಿ ಒಂದು ದಿನ ನಿರುಪಮಾಳನ್ನು ಹಿಡಿದು ಕೂರಿಸಿದಳು.

"ಏನ್ ನಡಸೀದಿ ಯವ್ವಾ ಮ್ಯಾಲ? ಮನಿ ಬಿಡಾಕತ್ತೀಯೇನು?"

ನಿರುಪಮಾಳಿಗೆ ಯಾರಿಗಾದರೂ ಹೇಳಲೇಬೇಕಾಗಿತ್ತು. ಎಲ್ಲ ಹೇಳಿದಳು. ಪುರವಣಿ, ಟಾರ್ಚು, ಡಾಕ್ಟರು, ಹಾಲು, ಟಿವಿ ಸ್ಟ್ಯಾಂಡು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. "ಒಂದಿನ ಖರೇನ ಏನರ ಆದ್ರ ನಾ ಏನ್ ಮಾಡ್ಲಿ ಕಾಕು? ಒಬ್ಬಾಕಿ ಸಂಭಾಳಿಸ್ತೀನಿ ಅಂತ ದೊಡ್ಡದಾಗಿ ಹೇಳೀನಿ."

"ಬಳ್ಳಿ ಕಡದು ಒಗೀಬಾರದೇನು?"

ನಿರುಪಮಾ ಅದನ್ನೂ ಯೋಚಿಸಿದ್ದಳು. ಕತ್ತರಿ ಹಿಡಿದು ನಿಂತೂ ಇದ್ದಳು. ಮಗನಿಗಿಂತ ಬಳ್ಳಿ ಹೆಚ್ಚೇ ಎಂದು ತನ್ನನ್ನೇ ಬೈದುಕೊಂಡೂ ಕತ್ತರಿಸಲಾಗಿರಲಿಲ್ಲ. ಸಂಜೆ ತನ್ಮಯ ಮಲಗಿದ ಮೇಲೆ ಆ ಮನೆಯಲ್ಲಿ ಅವಳ ಜೊತೆ ಇರುತ್ತಿದ್ದದ್ದು ಅದೊಂದೇ.

ಶಾಂತಾಬಾಯಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು, "ಎಲಿ ಯಾವಾಗ ಹೋಗ್ತಾವ ಅಂದಿ?"

"ಸೋಮವಾರ. ಬೆಳಿಗ್ಗೆ ನೋಡಿದ್ರ ಇರೂದಿಲ್ಲ."

"ನಿನ ಮಗಗ ಸೋಮವಾರಕ್ಕೊಮ್ಮೆ ಹಸಿವು ಆಗ್ತದೇನು? ಮಂಗಳವಾರ ಉಪಾಸ ಮಾಡ್ತಾನ?"

"ಹಂಗಲ್ಲ ಕಾಕು..."

"ಹ್ಯಾಂಗರ ಇರ್ಲಿ." ಶಾಂತಾಬಾಯಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. ತುಟಿಯ ಅಂಚಿನಲ್ಲಿ ನಗೆಯೊಂದು ಅಡಿಕೆಯ ಜೊತೆ ಅಗಿಯಲ್ಪಡುತ್ತಿತ್ತು. "ಈ ಸಲ ಗಂಡಗ ಬರಬ್ಯಾಡ ಅಂತ ಹೇಳು. ಮಗನ್ನ ಕರಕೊಂಡು ನೀನೇ ಹೋಗು. ಕೀಲಿಕೈ ನನ್ನ ಕೈಯಾಗ ಕೊಡು. ಎಲಿ ಹೋತಂದ್ರ ಇಲಿ ಕೆಲಸ. ಹೋಗಲಿಲ್ಲಂದ್ರ ಯಾರ ಕೆಲಸ ಅಂತ ನಿನಗ ಅಲ್ಲೇ ತಿಳೀತದ."

ನಿರುಪಮಾಳಿಗೆ ಕೊನೆಯ ಮಾತು ಸರಿಯಾಗಿ ಅರ್ಥವಾಗಲಿಲ್ಲ. ಆದರೆ ಪರೀಕ್ಷೆ ಶಾಸ್ತ್ರೀಯವಾಗಿದೆ ಎಂದು ವಿಜ್ಞಾನ ಓದಿದವಳಿಗೆ ಅನಿಸಿತು. ನರಹರಿಗೆ ಫೋನ್ ಮಾಡಿ, ಈ ಶನಿವಾರ ನಾವೇ ಬರುತ್ತೇವೆ ಎಂದಳು.

"ಇಲ್ಲಿ? ಕೋಣಿ ಭಾಳ ಹೊಲಸದ."

"ಬಂದು ಸ್ವಚ್ಛ ಮಾಡ್ತೀನಿ."

"ಉರಿಬಿಸಲು ಅದ."

"ಸೆಪ್ಟೆಂಬರದಾಗ ಎಂಥಾ ಬಿಸಲ್ರೀ?"

ಇಷ್ಟು ನೆವ ಹೇಳಿದ ಮೇಲೆ ನಿರುಪಮಾಳಿಗೆ ಎಲೆಯ ಚಿಂತೆಯ ಪಕ್ಕದಲ್ಲಿ ಬೇರೆ ಚಿಂತೆಗಳಿಗೂ ಜಾಗವಾಯಿತು. ಆ ಬಸ್ ಪ್ರಯಾಣದಲ್ಲಿ ಅವಳು ಮನಸ್ಸಿನಲ್ಲೇ ಗಂಡನಿಗೆ ಸಿಗರೇಟು ಕಲಿಸಿದಳು, ಕಾಮಾಲೆ ಬರಿಸಿದಳು, ವೈಜಾಪುರ ದಾಟುವ ಹೊತ್ತಿಗೆ ಅವನ ನೌಕರಿಯನ್ನೂ ಕಳೆದಿದ್ದಳು. ತನ್ಮಯ ಅವಳ ತೊಡೆಯ ಮೇಲೆ ನೆಮ್ಮದಿಯಾಗಿ ನಿದ್ದೆ ಹೋಗಿದ್ದ.

ಕೋಣೆ ಹೊಲಸೇನೂ ಇರಲಿಲ್ಲ. ಒಂದು ಮಂಚ, ಒಂದು ಸ್ಟೋವು, ಹಗ್ಗದ ಮೇಲೆ ಎರಡು ಅಂಗಿ. ಕಿಟಕಿಯ ಕಟ್ಟೆಯ ಮೇಲೆ ಒಂದು ಟವೆಲ್ ಹೊದಿಸಿತ್ತು, ಕೆಳಗೆ ಏನೋ ಉಬ್ಬಿಕೊಂಡಿತ್ತು. ನಿರುಪಮಾ ಬ್ಯಾಗು ಕೂಡ ಇಳಿಸದೆ ನೇರವಾಗಿ ಹೋಗಿ ಟವೆಲ್ ಎತ್ತಿದಳು.

ಉಪ್ಪಿನಕಾಯಿಯ ಬಾಟಲಿ, ಕೆಮ್ಮಿನ ಔಷಧಿಯ ಬಾಟಲಿ, ಜಾಮಿನ ಬಾಟಲಿ ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಅರ್ಧ ನೀರು, ನೀರಿನಲ್ಲಿ ಒಂದೊಂದೇ ಮನಿಪ್ಲಾಂಟಿನ ಎಲೆ. ಕೆಲವು ಹಳದಿಯಾಗಿದ್ದವು. ಬಿಳಿ ಮಚ್ಚೆಯ ಒಂದೆಲೆಯನ್ನು ಅವಳು ನೂರರ ನಡುವೆಯೂ ಗುರುತಿಸುತ್ತಿದ್ದಳು.

ಅವಳು ಮಂಚದ ಮೇಲೆ ಕೂತಳು. ವಾರಗಟ್ಟಲೆ ಎದೆಯಲ್ಲಿದ್ದ ಕಲ್ಲು ಇಳಿಯಿತು. ಇಳಿದ ಜಾಗಕ್ಕೆ ಸಿಟ್ಟು ಬಂದು ಕೂತಿತು.

"ಇವು ನಮ್ಮ ಮನೀವು."

"ಹೂಂ," ಎಂದ ನರಹರಿ. ಬ್ಯಾಂಕಿನಲ್ಲಿ ಹತ್ತು ಜನರ ಮೇಲಿನ ಅಧಿಕಾರಿ ಅವನು. ಈಗ ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದ. "ಡಬ್ಬಿ ಮುಚ್ಚಳದಾಗ ಹಸಿ ಕರ್ಚೀಫ್ ಹಾಕಿ ತರ್ತಿದ್ದೆ."

"ನನ್ನ ಕೇಳ್ಲಿಕ್ಕೆ ಬರ್ತಿದ್ದಿಲ್ಲೇನು?"

"ಹ್ಯಾಂಗ ಕೇಳ್ಲಿ? ಲಾರಿಗೆ ಏರದ್ದು ಯಾತಕ್ಕ ಬೇಕು ಅಂದವ ನಾನ. ಕೇಳಿದ್ರ ಹುಬ್ಬಳ್ಳಿ ತನಕ ಸುದ್ದಿ ಮುಟ್ಟಸ್ತಿದ್ದಿ." ಅವನು ಜಾಮಿನ ಬಾಟಲಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. "ಸಂಜೀಕ ಬಂದು ಬಾಗಲಾ ತಗದ್ರ ಇಲ್ಲಿ ಏನೂ ಇರೂದಿಲ್ಲ, ನಿರು. ಅದಕ್ಕ."

ಅವಳು ತನ್ನ ಸೋಮವಾರಗಳ ಕಥೆಯನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ನರಹರಿಯ ಮುಖ ಬಿಳಿಚಿತು.

"ಒಂದು ಫೋನರ ಮಾಡಬಾರದೇನು?"

"ಮಾಡಿದ್ರ ಒಬ್ಬಾಕಿ ಇರ್ಲಿಕ್ಕೆ ಆಗಂಗಿಲ್ಲ ಅಂತಿದ್ರಿ."

ಅವನು ಬಂದು ಅವಳ ಪಕ್ಕದಲ್ಲಿ ಕೂತ. ಆಮೇಲೆ ನರಹರಿ ಮೆಲ್ಲಗೆ, ಸೋತವನೊಬ್ಬ ಒಂದಾದರೂ ಅಂಕ ಗಳಿಸಲು ನೋಡುವಂತೆ, ಔಷಧಿಯ ಬಾಟಲಿ ಎತ್ತಿ ತೋರಿಸಿದ. "ಆದ್ರ ಇದನ್ನ ನೋಡು. ಬೇರು ಬಂದಾವ."

ಬಂದಿದ್ದವು ನಿಜ. ತೊಟ್ಟಿನ ತುದಿಗೆ ಬಿಳಿಯ ಎರಡು ನೂಲಿನೆಳೆ.

"ಇದು ಬೆಳಿಯಂಗಿಲ್ಲರೀ," ಎಂದಳು ನಿರುಪಮಾ.

"ಬೇರು ಬಂದಾವಲ್ಲ."

"ಬರ್ತಾವ. ಹಿಂಗ ನೀರಾಗ ಭಾಳ ದಿನಾ ಹಸಿರಾಗೇ ಇರ್ತದ. ಆದ್ರ ಇನ್ನೊಂದು ಎಲಿ ಬಿಡಂಗಿಲ್ಲ. ಚಿಗುರು ಬರೂದು ಕಾಂಡದ ಗೆಣ್ಣಿನಾಗ. ನೀವು ಬರೇ ಎಲಿ ಹರಕೊಂಡು ಬಂದೀರಿ. ಒಂದು ಗೆಣ್ಣರ ಕತ್ತರಿಸಿಕೊಂಡು ಬರಬೇಕಿಲ್ಲ?"

"ಗೆಣ್ಣು ಕತ್ತರಿಸಿದ್ರ ನಿನಗ ಗೊತ್ತಾಗ್ತಿತ್ತು. ಒಂದೆಲಿ ಏನ್ ಗೊತ್ತಾಗ್ತದ ಅಂತ..."

ಮಾತು ಮುಗಿಯಲಿಲ್ಲ. ಹಿಂದಿನಿಂದ ಎದ್ದ ಕಿರುಚಾಟಕ್ಕೆ ಕಿಟಕಿಯ ಗಾಜು ನಡುಗಿತು. ತಂದೆತಾಯಿ ಎಲೆಶಾಸ್ತ್ರ ಚರ್ಚಿಸುತ್ತಿದ್ದಾಗ ತನ್ಮಯ ಮಂಚ ಹತ್ತಿ, ಜಾಮಿನ ಬಾಟಲಿಯಲ್ಲಿ ಬಹುಶಃ ಜಾಮೇ ಇರಬೇಕೆಂದು ಎಲೆ ಎಳೆದು ಕಚ್ಚಿದ್ದ. ಅರ್ಧ ಎಲೆ ಕೈಯಲ್ಲಿ, ಚೂರು ತುಟಿಯ ಮೇಲೆ, ಉಳಿದದ್ದು ಬಾಯಲ್ಲಿ. ಇಷ್ಟು ದಿನ ನಾಶಿಕ್‌ನಲ್ಲಿ ನಡೆಯದೇ ಇದ್ದದ್ದು ಔರಂಗಾಬಾದಿನಲ್ಲಿ, ಅಪ್ಪ ಅಮ್ಮ ಇಬ್ಬರೂ ಮೊಳದಷ್ಟು ದೂರದಲ್ಲಿ ಕೂತಿದ್ದಾಗ ನಡೆಯಿತು.

ನರಹರಿ ಎದ್ದು ನಿಂತ. ನಿಂತವನು ಹಾಗೇ ನಿಂತ. "ಅಯ್ಯೋ, ಏನ್ ಮಾಡೋದ ಈಗ, ಏನ್ ಮಾಡೋದ," ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅಷ್ಟರಲ್ಲಿ ನಿರುಪಮಾ ಮಗನನ್ನು ತೊಡೆಗೆ ಅಡ್ಡ ಹಾಕಿ, ಬೆರಳಿನಿಂದ ಬಾಯಿಯ ಚೂರುಗಳನ್ನೆಲ್ಲ ತೆಗೆದಾಗಿತ್ತು. ಸೆರಗು ಒದ್ದೆ ಮಾಡಿ ನಾಲಿಗೆ ಒರೆಸಿದಳು.

"ತಣ್ಣನ ಹಾಲು ತೊಗೊಂಡು ಬರ್ರಿ."

"ಫ್ರಿಜ್ ಇಲ್ಲ."

"ಅಂಗಡ್ಯಾಗ ಇರ್ತದ. ಹೋಗ್ರಿ."

ಅವನು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನಿರುಪಮಾಳದು ಮೆಟ್ಟಿ ಓಡಿದ. ಅವಳು ಮಗನ ತುಟಿ ನೋಡಿದಳು, ಉಸಿರು ಕೇಳಿದಳು, ಡಾಕ್ಟರ್ ವಿಭಾ ಅವರಿಗೆ ಫೋನ್ ಹಚ್ಚಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ನೀವು ಮಾಡಿದ್ದೆಲ್ಲ ಸರಿಯಾಗಿದೆ, ಇನ್ನೊಂದು ತಾಸು ಕಣ್ಣಿಟ್ಟಿರಿ ಎಂದರು ಡಾಕ್ಟರು. ಆಮೇಲೆ, "ನಿಮ್ಮ ದನಿ ಇಷ್ಟು ಶಾಂತವಾಗಿದೆ, ನೀವು ನಿರುಪಮಾ ಅವರೇ ತಾನೆ?" ಎಂದೂ ಕೇಳಿದರು.

ನರಹರಿ ಬಂದಾಗ ಅವನ ಎರಡೂ ಕೈ ತುಂಬಿದ್ದವು. ಹಾಲಿನ ಪಾಕೀಟು, ಲಸ್ಸಿ, ಎರಡು ಕಪ್ಪು ಐಸ್‌ಕ್ರೀಮು, ಯಾಕೋ ಏನೋ ಒಂದು ನಿಂಬೆಹಣ್ಣು. "ಕೆಳಗ ರಿಕ್ಷಾ ನಿಲ್ಲಿಸೀನಿ, ನಡಿ ದವಾಖಾನಿಗೆ," ಎಂದು ಏದುಸಿರು ಬಿಟ್ಟ. ತನ್ಮಯನ ಅಳು ಐಸ್‌ಕ್ರೀಮು ಕಂಡೊಡನೆ ಅರ್ಧಕ್ಕಿಳಿಯಿತು, ಮೊದಲ ಚಮಚಕ್ಕೆ ನಿಂತಿತು. ತುಟಿ ಕೆಂಪಾಗಿತ್ತು, ಊದಿರಲಿಲ್ಲ. ಎರಡನೇ ಕಪ್ಪು ಮುಗಿಯುವ ತನಕ ಇಬ್ಬರೂ ಅವನ ಬಾಯನ್ನೇ ನೋಡುತ್ತ ಕೂತರು. ಕೊನೆಗೆ ನಿರುಪಮಾ ಪರೀಕ್ಷೆಗೆಂದು ಇನ್ನೊಂದು ಎಲೆ ಎತ್ತಿ ತೋರಿಸಿದಳು.

"ಎಲಿ ಬೇಕೇನು?"

"ನಕೋ," ಎಂದು ತನ್ಮಯ ಅಪ್ಪನ ಬೆನ್ನ ಹಿಂದೆ ಅಡಗಿದ.

ನರಹರಿ ಹಣೆಯ ಬೆವರು ಒರೆಸಿಕೊಂಡ. "ನೀ ಗಾಬರೀನ ಆಗಲಿಲ್ಲಲ್ಲ."

"ಅದನ್ನೆಲ್ಲ ಮೊದಲ ಆಗಿ ಮುಗಿಸೀನಿ," ಎಂದಳು ನಿರುಪಮಾ.

"ನೀ ಒಬ್ಬಾಕಿನ ಇರ್ತಿ, ಏನ್ ಕಾಳಜಿ ಇಲ್ಲ ಬಿಡು."

"ನಾ ಇರ್ತೀನಿ. ನೀವು ಇರಂಗಿಲ್ಲ. ಕಾಲಾಗ ನೋಡಕೋರಿ."

ಅವನು ಕೆಳಗೆ ನೋಡಿದ. ಬಲಗಾಲಿನ ಹೆಬ್ಬೆರಳು ಹೆಂಗಸರ ಚಪ್ಪಲಿಯಿಂದ ಅರ್ಧ ಹೊರಗಿತ್ತು. ಇಬ್ಬರಿಗೂ ನಗು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ.

"ದೀಪಾವಳಿ ಆದಮ್ಯಾಲೆ ಬರ್ತೀವಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಅಲ್ಲೀತನಕ ಇಲ್ಲೆ ಮಕ್ಕಳ ಡಾಕ್ಟರು ಯಾರು ಚಲೋ ಅಂತ ಕೇಳಿ ಇಡ್ರಿ."

"ಕೇಳೀನಿ. ಇಬ್ಬರದಾರ. ಒಬ್ಬರು ಹೆಣ್ಣಮಗಳು, ಗರಖೇಡಾದಾಗ."

ಅವಳು ತಲೆ ಎತ್ತಿದಳು. "ನೀರು ಹ್ಯಾಂಗ?"

"ದಿನಾ ಬರೂದಿಲ್ಲ. ಟಾಕಿ ದೊಡ್ಡದಿರೋ ಮನಿ ನೋಡೀನಿ."

"ಮನೀನೂ ನೋಡೀರಿ?"

"ಎರಡು. ಒಂದಕ್ಕ ಬಾಲ್ಕನಿ ಸರಳು ಭಾಳ ಅಗಲ ಅದಾವ, ಹುಡುಗನ ತಲಿ ಹೊಗ್ತದ, ಬ್ಯಾಡ ಅಂದೆ. ಇನ್ನೊಂದು ಚಲೋ ಅದ. ಅಲ್ಲಿ ಮಾಲಕರಿಗೆ ಮೊಳಿ ಹೊಡದ್ರ ನಡೀತದೇನು ಅಂತನೂ ಕೇಳಿದೆ."

ಕೆಳಗಿನಿಂದ ರಿಕ್ಷಾದವನು ಹಾರ್ನ್ ಒತ್ತಿದ. ಇವರು ಬರುತ್ತಾರೋ ಇಲ್ಲವೋ ಎಂದು ಅವನಿಗೂ ಸಾಕಾಗಿರಬೇಕು. ನರಹರಿ ಕಿಟಕಿಯಿಂದ ಬಗ್ಗಿ, ಆಸ್ಪತ್ರೆ ಬೇಡ ಎಂದು ಹೇಳಿ ಕಳಿಸಲು ಹೊರಟ. ನಿರುಪಮಾ ಅವನ ತೋಳು ಹಿಡಿದು ನಿಲ್ಲಿಸಿದಳು. ಮಗನನ್ನು ಕಂಕುಳಿಗೇರಿಸಿ, ಗಂಡನ ಕಾಲಿನಿಂದ ತನ್ನ ಚಪ್ಪಲಿ ಬಿಡಿಸಿಕೊಂಡು ಮೆಟ್ಟಿಲಿಳಿದಳು. ನೋಡಿಟ್ಟ ಆ ಎರಡನೇ ಮನೆ ಎಲ್ಲಿದೆಯೆಂದು ನರಹರಿ ರಿಕ್ಷಾದವನಿಗೆ ದಾರಿ ಹೇಳುತ್ತಿದ್ದಾಗ ನಡುವೆ ಬಾಯಿ ಹಾಕಿ, "ಭೈಯಾ, ಆಹಿಸ್ತಾ ಚಲಾವ್," ಎಂದು ನಿಧಾನ ಓಡಿಸಲು ಹೇಳಿದಳು. ರಿಕ್ಷಾ ಇನ್ನೂ ಶುರುವೇ ಆಗಿರಲಿಲ್ಲ.